ಪಾಕ ಕೆಟ್ಟ ಒಂಬತ್ತು ಟನ್ ಗಾಜು

ಆಕ್ಕೊ ಊರಿನ ದಕ್ಷಿಣಕ್ಕೆ ನಾಮಾನ್ ನದಿ ಕಡಲು ಸೇರುತ್ತದೆ. ನದಿ ಅಂದರೆ ದೊಡ್ಡದೇನಲ್ಲ, ನಮ್ಮ ಕಡೆಯ ನಾಲೆಯಷ್ಟು. ಅಲ್ಲಿ ಬಗ್ಗಿ ಒಂದು ಹಿಡಿ ಮರಳು ತೆಗೆದುಕೊಂಡೆ. ಇಸ್ರೇಲ್‌ವರೆಗೂ ಬಂದು ನಾನು ಮಾಡಿದ ಮೊದಲ ಕೆಲಸ ಇದು.

2019ರ ಮಾರ್ಚ್. ಅಕ್ಕನ ಮಗ ಹೈಫಾದ ಟೆಕ್ನಿಯಾನ್‌ನಲ್ಲಿ ಪೋಸ್ಟ್‌ಡಾಕ್ ಮಾಡುತ್ತಿದ್ದ. ಅವನ ಸಂಶೋಧನೆ ಬೇರೆ, ಹುಚ್ಚು ಮಾತ್ರ ಹಳೇ ಗಾಜಿನದು. "ಜೆರುಸಲೇಮ್ ಎಲ್ಲರೂ ನೋಡ್ತಾರೆ ಚಿಕ್ಕಮ್ಮ, ನಿಮಗೆ ನಾನು ಮರಳು ತೋರಿಸ್ತೀನಿ" ಅಂದಿದ್ದ. ಹೈಫಾದಿಂದ ರೈಲಿನಲ್ಲಿ ಅರ್ಧ ಗಂಟೆ, ಆಮೇಲೆ ಬಿಸಿಲಲ್ಲಿ ನಡಿಗೆ. ಶೂ ತುಂಬಾ ಮರಳು.

ಈ ನದಿಗೆ ರೋಮನ್ನರ ಕಾಲದಲ್ಲಿ ಬೇಲಸ್ ಅಂತ ಹೆಸರು. ಗಾಜು ಹುಟ್ಟಿದ್ದೇ ಇಲ್ಲಿ ಅಂತ ಮೊದಲನೇ ಶತಮಾನದ ರೋಮನ್ ಲೇಖಕ ಪ್ಲಿನಿ ಒಂದು ಕತೆ ಬರೆದಿಟ್ಟಿದ್ದಾನೆ. ನೇಟ್ರಾನ್ ಅನ್ನೋ ಸೋಡಾ ಉಪ್ಪು ತುಂಬಿದ ಹಡಗಿನವರು ದಡದಲ್ಲಿ ಅಡುಗೆಗೆ ಇಳಿದರಂತೆ. ಪಾತ್ರೆಗೆ ಒಲೆಗುಂಡು ಸಿಗಲಿಲ್ಲ. ಉಪ್ಪಿನ ಗಟ್ಟಿಗಳನ್ನೇ ಇಟ್ಟು ಬೆಂಕಿ ಹಾಕಿದರು. ಮರಳೂ ಉಪ್ಪೂ ಕರಗಿ ಗಾಜು ಹರಿಯಿತಂತೆ. ಕತೆ ಚೆನ್ನಾಗಿದೆ, ಆದರೆ ಅನ್ನ ಬೇಯಿಸೋ ಬೆಂಕಿಗೆ ಗಾಜು ಆಗುವುದಿಲ್ಲ. ಗಾಜಿನ ಕಸುಬು ಪ್ಲಿನಿಗಿಂತ ಸಾವಿರಾರು ವರ್ಷ ಹಳೆಯದು ಬೇರೆ.

ಆದರೂ ಮುದುಕ ಪೂರ್ತಿ ಸುಳ್ಳು ಹೇಳಲಿಲ್ಲ. ಫೋನಿನ ಕ್ಯಾಮೆರಾ ದೊಡ್ಡದು ಮಾಡಿ ಅಂಗೈಯಲ್ಲಿದ್ದ ಮರಳು ನೋಡಿದೆ. ಹೊಳೆಯೋ ಹರಳುಗಳ ನಡುವೆ ಬಿಳಿ ಚೂರುಗಳು, ಉಗುರಿನ ತುಣುಕಿನ ಹಾಗೆ. ಕಪ್ಪೆಚಿಪ್ಪಿನ ಪುಡಿ! "ಅದೇ ಸುಣ್ಣ" ಅಂದ ಹುಡುಗ. ಬರೀ ಮರಳು ಕರಗಬೇಕಾದರೆ 1700 ಡಿಗ್ರಿ ಬೇಕು. ಸೋಡಾ ಬೆರೆಸಿದರೆ 1100ರ ಆಸುಪಾಸಿನಲ್ಲಿ ಕೆಲಸ ನಡೆಯುತ್ತದೆ. ಸುಣ್ಣ ಇಲ್ಲದಿದ್ದರೆ ಆ ಗಾಜು ನೀರಲ್ಲಿ ಕರಗಿಹೋಗುತ್ತದೆ. ಇಲ್ಲಿನ ಮರಳಿನಲ್ಲಿ ಸುಣ್ಣ ತಾನಾಗಿಯೇ ಹದವಾಗಿ ಬೆರೆತಿದೆ. ಈಜಿಪ್ಟಿನ ವಾದಿ ನತ್ರೂನ್‌ನಿಂದ ಸೋಡಾ ತಂದು ಸುರಿದರೆ ಸಾಕಿತ್ತು.

ಈಗ ನಮ್ಮ ಆಲೆಮನೆ ನೆನಪಿಸಿಕೊಳ್ಳಿ. ಬೆಲ್ಲ ಆಗೋದು ಮಂಡ್ಯದ ಆಲೆಮನೆಯಲ್ಲಿ, ಅದರ ಮಿಠಾಯಿ ಆಗೋದು ಹುಬ್ಬಳ್ಳಿಯಲ್ಲೋ ಬಳ್ಳಾರಿಯಲ್ಲೋ. ರೋಮನ್ನರ ಕಾಲದ ಗಾಜೂ ಹಾಗೇ. ಈ ಕರಾವಳಿಯಲ್ಲಿ, ಈಜಿಪ್ಟಿನಲ್ಲಿ ಟನ್‌ಗಟ್ಟಲೆ ಗಾಜು ಎರಕ ಹೊಯ್ದು, ಒಡೆದು, ಗಟ್ಟಿಗಳನ್ನು ಹಡಗಿಗೆ ಹಾಕುತ್ತಿದ್ದರು. ಹದೇರಾ ಊರಿನಲ್ಲಿ ಇಂಥ 17 ಕುಲುಮೆಗಳು ಒಂದೇ ಜಾಗದಲ್ಲಿ ಸಿಕ್ಕಿವೆ. ಅವು ಸ್ವಲ್ಪ ಈಚಿನವು. ಊದಿ ಬಟ್ಟಲು ಮಾಡುವವರು ಎಲ್ಲೋ ದೂರದಲ್ಲಿ. ಹಾಗಾಗಿ ಜರ್ಮನಿಯಲ್ಲಿ ಸಿಕ್ಕ ಬಟ್ಟಲನ್ನು ಪರೀಕ್ಷೆ ಮಾಡಿದರೆ ಊದಿದವನ ಊರು ತಿಳಿಯುವುದಿಲ್ಲ, ಮರಳಿನ ಊರು ತಿಳಿಯುತ್ತದೆ. ಲೇಸರ್‌ನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆ ಕೆರೆದು, ಆ ಆವಿಯಲ್ಲಿ ಯಾವ ಧಾತು ಎಷ್ಟಿದೆ ಅಂತ ಯಂತ್ರ ಲೆಕ್ಕ ಹಾಕುತ್ತದೆ. ಪೊಟ್ಯಾಶ್, ಮೆಗ್ನೀಷಿಯಾ ಎರಡೂ ಕಡಿಮೆ ಇದ್ದರೆ ನೇಟ್ರಾನ್ ಗಾಜು, ಜಾಸ್ತಿ ಇದ್ದರೆ ನೇಟ್ರಾನ್ ಬದಲು ಗಿಡದ ಬೂದಿ ಹಾಕಿದ ಗಾಜು. ಟೈಟೇನಿಯಂ ಹೆಚ್ಚಿದ್ದರೆ ಈಜಿಪ್ಟಿನ ಮರಳಿನ ಕಡೆ ಬೆರಳು ಹೋಗುತ್ತದೆ. ಸ್ಟ್ರಾನ್ಷಿಯಂ ಕಡಲಿನದೇ ಆಗಿದ್ದರೆ ಸುಣ್ಣ ಬಂದದ್ದು ಚಿಪ್ಪಿನಿಂದ.

ಮರುದಿನ ಶುಕ್ರವಾರ. ಬೇತ್ ಶೆಆರಿಂಗೆ ಹೊರಟೆವು. ಅಲ್ಲಿ ಶುಕ್ರವಾರ ಮಧ್ಯಾಹ್ನವೇ ಎಲ್ಲ ಮುಚ್ಚುತ್ತದೆ ಅನ್ನೋದು ಗೊತ್ತಿದ್ದೂ ನಾನು ಚಿತ್ರಾನ್ನ ಕಟ್ಟಿಕೊಳ್ಳುತ್ತಾ ಕೂತೆ. ಗೇಟಿಗೆ ಹೋದಾಗ ಉಳಿದಿದ್ದು ಬರೀ ಮುಕ್ಕಾಲು ಗಂಟೆ. ಬಂಡೆಯಲ್ಲಿ ಕೊರೆದ ಪ್ರಸಿದ್ಧ ಸಮಾಧಿಗಳ ಮುಂದೆ ಓಡುತ್ತಲೇ ಹಾದುಹೋದೆವು. ಯುನೆಸ್ಕೋ ಪಟ್ಟಿಯ ಜಾಗಕ್ಕೆ ನಾನು ಕೊಟ್ಟ ಮರ್ಯಾದೆ ಅಷ್ಟೇ.

ಗವಿಯೊಳಗೆ, ಮಂದ ಬೆಳಕಿನಲ್ಲಿ ಅದು ಮಲಗಿತ್ತು. ಉದ್ದ 3.4 ಮೀಟರ್, ಅಗಲ ಎರಡು ಮೀಟರಿಗೆ ಸ್ವಲ್ಪ ಕಡಿಮೆ, ದಪ್ಪ ಸುಮಾರು ಮೊಣಕಾಲೆತ್ತರ. ಯಾರೂ ಹೇಳದಿದ್ದರೆ ಹಾಸುಗಲ್ಲು ಅಂತಲೇ ಅಂದುಕೊಳ್ಳುತ್ತಿದ್ದೆ. ಹೊಳಪಿಲ್ಲ, ಆಚೆ ಕಾಣುವುದಿಲ್ಲ. ಇದು ಗಾಜು, ಸುಮಾರು 9 ಟನ್! 1956ರಲ್ಲಿ ಹಳೇ ನೀರಿನ ತೊಟ್ಟಿಯ ಹೂಳು ತೆಗೆಯುವಾಗ ಬುಲ್ಡೋಜರಿಗೆ ಅಡ್ಡ ಸಿಕ್ಕಿತ್ತು. ಜರುಗಿಸಲು ಆಗದೆ ಬಿಟ್ಟರು. ಗಾಜು ಅಂತ ತಿಳಿದಿದ್ದು 1963ರಲ್ಲಿ.

ಇದನ್ನು ಯಾಕೆ ಯಾರೂ ಒಡೆದು ಮಾರಲಿಲ್ಲ? ಪರೀಕ್ಷೆ ಹೇಳಿತು. ಒಳ್ಳೆಯ ಗಾಜಿನಲ್ಲಿ ಸುಣ್ಣ ಶೇ. 9ರಷ್ಟು ಇದ್ದರೆ ಇದರಲ್ಲಿ ಸುಮಾರು 16. ಒಂಬತ್ತನೇ ಶತಮಾನದ ಹೊತ್ತಿಗೆ ನೇಟ್ರಾನ್ ಬರುವುದು ಕಡಿಮೆಯಾಗಿ ಗಿಡದ ಬೂದಿ ಬಂದಿತ್ತು. ಬೂದಿಯಲ್ಲೇ ಸುಣ್ಣ ಇರುತ್ತದೆ. ಇದನ್ನು ಮಾಡಿದವರು ಅಭ್ಯಾಸಬಲದಿಂದ ಅದೇ ಚಿಪ್ಪಿನ ಮರಳು ಹಾಕಿರಬೇಕು. ಸುಣ್ಣ ಹೆಚ್ಚುಕಡಿಮೆ ಎರಡು ಪಟ್ಟಾಯಿತು, ಗಾಜು ಹರಳುಗಟ್ಟಿತು, ಪಾಕ ಕೆಟ್ಟಿತು. ಐದೋ ಹತ್ತೋ ದಿನ ಹಗಲೂ ರಾತ್ರಿ ಸೌದೆ ಒಟ್ಟಿದವರ ಮುಖ ಹೇಗಾಗಿರಬೇಡ! ನಾನು ಒಂದು ಸೇರು ಮೈಸೂರ್ ಪಾಕ್ ಕೆಡಿಸಿಕೊಂಡು ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಿರಲಿಲ್ಲ.

ಕಾವಲಿನವರು ಬಂದು ಗಡಿಯಾರ ತೋರಿಸಿದರು. ಚಿತ್ರಾನ್ನ ತಿಂದಿದ್ದು ಗೇಟಿನ ಹೊರಗೆ.

ಮರುವರ್ಷ ಹುಡುಗ ವಾಟ್ಸಾಪಿನಲ್ಲಿ ಒಂದು ಹೊಸ ಸಂಶೋಧನೆ ಕಳಿಸಿದ. 301ರಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ಹೊರಡಿಸಿದ ಬೆಲೆಪಟ್ಟಿಯಲ್ಲಿ ಅಲೆಕ್ಸಾಂಡ್ರಿಯದ ಗಾಜು ಪೌಂಡಿಗೆ 24 ದಿನಾರಿ, ಈ ಕರಾವಳಿಯ ಯೂದಾಯ ಗಾಜು 13. ಆ ದುಬಾರಿ, ಬಣ್ಣವಿಲ್ಲದ ಗಾಜು ನಿಜಕ್ಕೂ ಈಜಿಪ್ಟಿನದಾ ಅನ್ನೋದು ಹಳೇ ಜಗಳ. ಎರಡೂ ಕಡೆಯ ಮರಳು ಬಹುಪಾಲು ನೈಲ್ ನದಿಯದೇ, ಅಲೆಗಳು ಉತ್ತರಕ್ಕೆ ತಳ್ಳಿಕೊಂಡು ಬಂದದ್ದು. ಅಣ್ಣತಮ್ಮಂದಿರನ್ನು ಬೇರೆ ಮಾಡಿದ ಹಾಗೆ, ಕಷ್ಟ. ಜೋರ್ಡಾನಿನ ಜೆರಾಷ್‌ನಲ್ಲಿ ಸಿಕ್ಕ ಚೂರುಗಳಲ್ಲಿ ಹ್ಯಾಫ್ನಿಯಂ ಅನ್ನೋ ಧಾತು ಅಳೆದು 2020ರಲ್ಲಿ ಅದನ್ನು ಬಿಡಿಸಿದರು. ಹ್ಯಾಫ್ನಿಯಂ ಇರೋದು ಜಿರ್ಕಾನ್ ಅನ್ನೋ ಭಾರದ ಕಣದಲ್ಲಿ. ದಾರಿಯುದ್ದಕ್ಕೂ ಅದು ಹಿಂದೆ ಉಳಿಯುತ್ತಾ ಹೋಗುತ್ತದೆ, ಹಾಗಾಗಿ ಎರಡು ಕಡೆಯ ಮರಳಿನ ಹ್ಯಾಫ್ನಿಯಂ ಗುರುತು ಬೇರೆ. ಪಟ್ಟಿಯ ಮಾತು ನಿಜವಾಗಿತ್ತು.

"ನಮ್ಮ ಕಡೆ ಗಾಜಿನದ್ದೇನು ಕತೆ?" ಅಂತ ಕೇಳಿದೆ. ದಕ್ಷಿಣದ ಹಳೇ ಗಾಜಿನಲ್ಲಿ ಅಲ್ಯುಮಿನಾ ಜಾಸ್ತಿ ಅಂತೆ. ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಯ ಗಾಜಿನ ಕುಲುಮೆಗಳಿದ್ದವು. 1800ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿಗಾಗಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಅವನ್ನು ಕಂಡು ಬರೆದಿದ್ದಾನೆ. ಅಲ್ಲಿ ನೇಟ್ರಾನ್ ಎಲ್ಲಿಂದ ಬರಬೇಕು? ಅಗಸರು ಬಟ್ಟೆ ಒಗೆಯಲು ತರುತ್ತಿದ್ದ ಸೌಳು ಮಣ್ಣಿನ ಸೋಡಾ.

"ಆ ಕಡೆ ಹೋದಾಗ ಒಂದು ಹಿಡಿ ಸೌಳು ತೆಗೆದಿಡಿ ಚಿಕ್ಕಮ್ಮ" ಅಂದ. ತಂದು ಹಾರ್ಲಿಕ್ಸ್ ಬಾಟಲಿಗೆ ತುಂಬಿ ಅಟ್ಟದ ಮೇಲಿಟ್ಟಿದ್ದೇನೆ. ಅವನು ಬಂದಿಲ್ಲ. ಸೊಸೆ ಎರಡು ಸಲ ಚೆಲ್ಲೋಕೆ ಹೋಗಿದ್ದಳು.