ಬೆಟ್ಟದಲ್ಲಿ ಬೆಂಕಿ ಕಾಯುವವರು ಮೊದಲು ಬಿಸಿಲು ನೋಡಬೇಕು

ದೇವರಾಯನದುರ್ಗದ ಕಾಡಿಗೆ ಬೇಸಿಗೆಯಲ್ಲಿ ಫೈರ್ ವಾಚರ್ ಕೆಲಸಕ್ಕೆ ಬರುವ ಹೊಸ ಹುಡುಗರು, "ಅಣ್ಣ, ಇವತ್ತು ಗಾಳಿ ಯಾವ ಕಡೆಯಿಂದ?" ಅಂತ ಕೇಳುತ್ತಾರೆ. ಮೊಬೈಲಿನಲ್ಲಿ ತುಮಕೂರಿನ ಹವಾಮಾನ ನೋಡಿಕೊಂಡೇ ಬಂದಿರುತ್ತಾರೆ. ಅದನ್ನೂ ನೋಡಿ, ಬೇಡ ಅನ್ನಲ್ಲ. ಆದರೆ ಬಿಸಿಲು ಈಗ ಯಾವ ಮಗ್ಗುಲಿಗೆ ಬಿದ್ದಿದೆ ಅನ್ನುವುದನ್ನು ಮೊದಲು ನೋಡಿ.

ಬೆಳಿಗ್ಗೆ ಪೂರ್ವದ ಮಗ್ಗುಲಿನ ಬಂಡೆ, ಒಣಹುಲ್ಲು ಬೇಗ ಕಾಯುತ್ತವೆ. ಅವಕ್ಕೆ ತಾಗಿಕೊಂಡ ಗಾಳಿಯೂ ಬಿಸಿಯಾಗುತ್ತದೆ. ಅದೇ ಎತ್ತರದಲ್ಲಿ ಕಣಿವೆಯ ಮೇಲಿರುವ ಗಾಳಿ ನೆಲದಿಂದ ದೂರ, ಅಷ್ಟು ಕಾಯುವುದಿಲ್ಲ. ಹಗುರಾದ ಬಿಸಿಗಾಳಿ ಇಳಿಜಾರು ಹಿಡಿದು ಮೇಲೇರುತ್ತದೆ, ಅದರ ಜಾಗಕ್ಕೆ ಕೆಳಗಿನದು ಬರುತ್ತದೆ. ಮಧ್ಯಾಹ್ನದ ಮೇಲೆ ಇದೇ ಆಟ ಪಶ್ಚಿಮದ ಮಗ್ಗುಲಲ್ಲಿ ಜೋರು. ಹೊತ್ತು ಮುಳುಗಿದರೆ ತಿರುಗುಮುರುಗು: ನೆಲ ತಣ್ಣಗಾಗಿ, ಭಾರವಾದ ತಂಪು ಗಾಳಿ ಕೆಳಕ್ಕೆ ಜಾರುತ್ತದೆ.

ಈ ಗಾಳಿಯ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 1ರಿಂದ 5 ಮೀಟರ್, ಅಷ್ಟೇನಾ ಅನ್ನಬೇಡಿ. ಏರಿನಲ್ಲಿ ಜ್ವಾಲೆ ಮೇಲಿನ ಹುಲ್ಲಿನ ಕಡೆಗೇ ಬಾಗಿರುತ್ತದೆ, ಹತ್ತುವ ಮೊದಲೇ ಅದನ್ನು ಒಣಗಿಸಿ ಕಾಯಿಸುತ್ತದೆ, ಹಿಂದಿನಿಂದ ಗಾಳಿಯೂ ತಳ್ಳುತ್ತಿರುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಾದರೆ ಮೇಲೇರುವ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಅನ್ನುವುದು ಕಾಡಿನ ಬೆಂಕಿ ಆರಿಸುವವರ ಲೆಕ್ಕ. ಕೊರಕಲುಗಳಂತೂ ಒಲೆಯ ಚಿಮಣಿ ಇದ್ದ ಹಾಗೆ, ಎರಡೂ ಬದಿಯ ಬಿಸಿ ಸೇರಿ ಒಂದೇ ಉಸಿರಿಗೆ ಮೇಲಕ್ಕೆ ಎಳೆಯುತ್ತವೆ. ಹಗಲು ಹೊತ್ತಿನಲ್ಲಿ ಕೆಳಗೆ ಬೆಂಕಿ ಇದ್ದರೆ ಕೊರಕಲಿನ ತಲೆಯಲ್ಲಿ ಯಾರೂ ನಿಲ್ಲಬಾರದು, ಬೆಂಕಿ ಬಡಿದು ಆರಿಸಲು ಎಷ್ಟೇ ಹಸಿ ಸೊಪ್ಪು ಕೈಯಲ್ಲಿದ್ದರೂ ಸರಿ. ಆಗಲೇ ಸುಟ್ಟು ಆರಿದ ಕಡೆಯಿಂದ ಬಂದು, ಪಕ್ಕದಿಂದ ಬಡಿಯಬೇಕು.

ಫೈರ್ ಲೈನ್, ಅಂದರೆ ಬೆಂಕಿ ದಾಟದ ಹಾಗೆ ನಾವೇ ಮೊದಲು ಹುಲ್ಲು ಸುಟ್ಟು ಬರಿದು ಮಾಡುವ ಪಟ್ಟಿ, ಅದನ್ನು ಸುಡುವುದಕ್ಕೂ ಇದೇ ಮಾತು. ಬಿಸಿಲೇರುವ ಮೊದಲೇ, ಮೇಲಿನಿಂದ ಶುರು ಮಾಡಿ ಕೆಳಕ್ಕೆ ಬರಬೇಕು. ಬೆಂಕಿ ಇಳಿಯುವಾಗ ನಿಧಾನ, ನಮ್ಮ ಕೈಗೆ ಸಿಗುತ್ತದೆ.

ನನಗೆ ಜಾಸ್ತಿ ಭಯ ಇರುವುದು ಸಂಜೆಯದು. ಏರುಗಾಳಿ ನಿಂತು ಇಳಿಗಾಳಿ ಶುರುವಾಗುವ ನಡುವೆ ಸ್ವಲ್ಪ ಹೊತ್ತು ಎಲೆಯೂ ಅಲ್ಲಾಡುವುದಿಲ್ಲ. ಬೆಂಕಿ ಸೋತಿತು ಅಂತ ಎಲ್ಲರೂ ನೀರು ಕುಡಿಯಲು ಕೂರುವ ಹೊತ್ತು ಅದೇ, ಅಲ್ವಾ? ಆಮೇಲೆ ಉರಿಯುವ ಕೊರಡು ಉರುಳಿ, ಇಳಿಗಾಳಿಯೂ ಸೇರಿ, ಬೆಂಕಿ ಊರಿನ ಕಡೆಯ ಹುಲ್ಲಿಗೆ ಹೋಗುತ್ತದೆ. ಹಾಗಾಗಿ ಕತ್ತಲಾಗುವ ಮೊದಲೇ ಇಬ್ಬರನ್ನಾದರೂ ಕೆಳಗಿನ ಅಂಚಿಗೆ ಕಳಿಸಿ.

ಮೋಡದ ದಿನ ಬೆಟ್ಟದ ಗಾಳಿ ಸಪ್ಪೆ. ಬಯಲಿನ ಗಾಳಿಯೇ ಜೋರಾಗಿದ್ದರೆ ಈ ಲೆಕ್ಕ ನಡೆಯಲ್ಲ. ಸಂಶಯ ಬಂದರೆ ಒಂದು ಹಿಡಿ ಒಣ ಮಣ್ಣು ತೂರಿ ನೋಡಿ, ಇಳಿಜಾರಿನಲ್ಲೊಮ್ಮೆ, ಕೊರಕಲಿನ ಬಾಯಲ್ಲೊಮ್ಮೆ.