ಹ್ಯಾಂಡ್‌ಹೆಲ್ಡ್‌ಗೆ ಯಾವ ಓಎಸ್? ಪವರ್ ಬಟನ್ ಒತ್ತಿ ನೋಡಿದ ಮೂರು ವಾರ

ದಿನ 1

ಕೈಯಲ್ಲಿ ಹಿಡಿದು ಆಟ ಆಡುವ ಪುಟ್ಟ ಕಂಪ್ಯೂಟರ್, ಅಂದರೆ ನನ್ನ ಹ್ಯಾಂಡ್‌ಹೆಲ್ಡ್ ಪಿಸಿಗೆ ವರ್ಷ ತುಂಬಿತು. 7 ಇಂಚಿನ ಪರದೆ, 120 ಹರ್ಟ್ಸ್, ಎಎಂಡಿ ಚಿಪ್, 16 ಜಿಬಿ ರ‍್ಯಾಮ್, 40 ವಾಟ್-ಅವರ್ ಬ್ಯಾಟರಿ. ಬರುವಾಗಲೇ ವಿಂಡೋಸ್ 11 ಹಾಕಿ ಬಂದಿತ್ತು. ಆಟಗಳು ಚೆನ್ನಾಗೇ ಓಡುತ್ತವೆ. ಆದರೂ ಓಎಸ್ (ಆಪರೇಟಿಂಗ್ ಸಿಸ್ಟಂ) ಬದಲಿಸಿ ನೋಡಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿದೆ.

ಕಾರಣ ವೇಗ ಅಲ್ಲ. ನಾನು ಆಡುವುದೇ ಚೂರುಪಾರು ಸಮಯದಲ್ಲಿ. ಹದಿನೈದು ನಿಮಿಷ ಸಿಕ್ಕರೆ ಕೈಗೆತ್ತಿಕೊಳ್ಳುತ್ತೇನೆ. ಯಾರಾದರೂ ಕರೆದರೆ ಪವರ್ ಬಟನ್ ಒತ್ತಿ ಕೆಳಗಿಡುತ್ತೇನೆ. ಮತ್ತೆ ತೆಗೆದಾಗ ಆಟ ಬಿಟ್ಟಲ್ಲೇ ಇರಬೇಕು, ಬ್ಯಾಟರಿಯೂ ಇರಬೇಕು. ಹಾಗಾಗಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಪಟ್ಟಿಗಳನ್ನೆಲ್ಲ ಬದಿಗಿಟ್ಟೆ. ಒಂದೇ ಆಟ, ಅದರಲ್ಲಿ ಒಂದೇ ಜಾಗ: ಮಳೆ ಸುರಿಯುವ ಒಂದು ಸೇತುವೆ. ರಾತ್ರಿ 11ಕ್ಕೆ ಅಲ್ಲಿ ನಿಲ್ಲಿಸಿ ಬಟನ್ ಒತ್ತುವುದು, ಬೆಳಿಗ್ಗೆ 6ಕ್ಕೆ ಎಬ್ಬಿಸಿ ನೋಡುವುದು.

ದಿನ 3

ಮೊದಲು ವಿಂಡೋಸ್. ರಾತ್ರಿ 84 ಪರ್ಸೆಂಟ್ ಇತ್ತು, ಬೆಳಿಗ್ಗೆ 9. ಮುಟ್ಟಿದರೆ ಬೆಚ್ಚಗೆ. ಇಷ್ಟು ಸಾಕು, ಕಿತ್ತು ಹಾಕೋಣ ಅನ್ನಿಸಿತು. ಆದರೆ ಕಾರಣ ತಿಳಿಯದೆ ತೀರ್ಪು ಕೊಡುವುದು ಸರಿಯಲ್ಲ ಅಲ್ವಾ? ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನ್ ಆಗಿ ತೆಗೆದು ವಿಂಡೋಸ್‌ನದೇ ಪವರ್‌ಸಿಎಫ್‌ಜಿ ಕಮಾಂಡ್‌ನಿಂದ ಸ್ಲೀಪ್‌ಸ್ಟಡಿ ವರದಿ ತೆಗೆಸಿದೆ. ಬ್ರೌಸರ್‌ನಲ್ಲಿ ತೆರೆಯುವ ಒಂದು ಫೈಲ್ ಸಿಗುತ್ತದೆ. ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಮಲಗಿತ್ತು, ಎಷ್ಟು ಚಾರ್ಜ್ ಇಳಿಯಿತು, ಯಾರು ಎಚ್ಚರವಾಗಿಟ್ಟರು ಅನ್ನುವುದೆಲ್ಲ ಅದರಲ್ಲಿರುತ್ತದೆ. ನನ್ನ ವರದಿಯಲ್ಲಿ ಆ ರಾತ್ರಿಯ ಸಾಲು ಪೂರ್ತಿ ಕೆಂಪು. ಹುಡುಕಿದರೆ, ನಾನು ಎಂದೋ ಹಾಕಿ ಮರೆತಿದ್ದ ಒಂದು ಗೇಮ್ ಲಾಂಚರ್‌ನ ಅಪ್‌ಡೇಟರ್ ಸಿಕ್ಕಿತು.

ಈಗಿನ ಯಂತ್ರಗಳಲ್ಲಿ ಇರುವುದು ಮಾಡರ್ನ್ ಸ್ಟ್ಯಾಂಡ್‌ಬೈ. ಮೊಬೈಲ್ ಥರ ಅರ್ಧ ನಿದ್ದೆ. ನೆಟ್‌ವರ್ಕ್ ಜೀವಂತ ಇರಬಹುದು, ಹಿನ್ನೆಲೆಯ ಪ್ರೋಗ್ರಾಂಗಳು ಕೆಲಸ ಕೇಳಬಹುದು. ಮೊಬೈಲ್‌ನಲ್ಲಿ ಆ್ಯಪ್‌ಗಳಿಗೆ ಬಿಗಿ ಲಗಾಮು ಇರುತ್ತದೆ, ಪಿಸಿಯ ಪ್ರೋಗ್ರಾಂಗಳಿಗೆ ಅಷ್ಟಿಲ್ಲ. ಆ ಲಾಂಚರ್ ತೆಗೆದ ಮೇಲೆ ಮರುದಿನ 84ರಿಂದ 75. ಪವರ್ ಬಟನ್‌ಗೆ ಸ್ಲೀಪ್ ಬದಲು ಹೈಬರ್ನೇಟ್ ಕೊಟ್ಟಾಗ ಒಂದು ಪರ್ಸೆಂಟೂ ಇಳಿಯಲಿಲ್ಲ. ರ‍್ಯಾಮ್‌ನಲ್ಲಿ ಇದ್ದದ್ದೆಲ್ಲ ಡಿಸ್ಕ್‌ಗೆ ಬರೆದು ಯಂತ್ರ ಪೂರ್ತಿ ಆರಿಬಿಡುತ್ತದೆ. ಆದರೆ ಏಳಲು ಹೊತ್ತು ಹಿಡಿಯುತ್ತದೆ, ಎದ್ದ ಮೇಲೆ ಲಾಕ್ ಸ್ಕ್ರೀನ್ ದಾಟಬೇಕು. ಐದು ನಿಮಿಷದ ಬಿಡುವಿಗೆ ಇದು ಹೊಂದುವುದಿಲ್ಲ.

ದಿನ 6

ವಿಂಡೋಸ್ ಬಿಟ್ಟರೆ ಉಳಿದ ಓಎಸ್‌ಗಳಲ್ಲಿ ಯಾವುದನ್ನು ನೋಡುವುದು? ಸ್ಟೀಮ್ ಗೇಮ್ ಅಂಗಡಿ ನಡೆಸುವ ವಾಲ್ವ್ ಕಂಪನಿಯ ಸ್ಟೀಮ್‌ಓಎಸ್ ಆರ್ಚ್ ಲಿನಕ್ಸ್ ಮೇಲೆ ನಿಂತಿದೆ. 2022ರಲ್ಲಿ ವಾಲ್ವ್‌ನ ಹ್ಯಾಂಡ್‌ಹೆಲ್ಡ್ ಸ್ಟೀಮ್ ಡೆಕ್ ಜೊತೆ ಈಗಿನ ರೂಪ ಪಡೆಯಿತು. 2025ರ ಮೇನಲ್ಲಿ ಬಂದ 3.7ರಿಂದ ಬೇರೆ ಎಎಂಡಿ ಹ್ಯಾಂಡ್‌ಹೆಲ್ಡ್‌ಗಳಿಗೂ ಬೆಂಬಲ ಜಾಸ್ತಿಯಾಯಿತು. ಆದರೆ ಅದನ್ನು ಹಾಕಲು ಬಳಸುವ ರಿಕವರಿ ಇಮೇಜ್ ಡಿಸ್ಕ್ ಪೂರ್ತಿ ಅಳಿಸಿ ಕೂರುತ್ತದೆ. ಪಕ್ಕದಲ್ಲಿ ವಿಂಡೋಸ್ ಉಳಿಸಿಕೊಳ್ಳಬೇಕಾದ ನನಗೆ ಅದು ಬೇಡವಾಯಿತು. ಕ್ಯಾಶಿಓಎಸ್ ಎಂಬ ಇನ್ನೊಂದು ಲಿನಕ್ಸ್‌ನ ಹ್ಯಾಂಡ್‌ಹೆಲ್ಡ್ ಆವೃತ್ತಿ ಚುರುಕು, ನಿಜ. ಆದರೆ ಅದನ್ನು ನಾವೇ ಆಗಾಗ ನೋಡಿಕೊಳ್ಳಬೇಕು.

ಬ್ಯಾಜೈಟ್ ಆರಿಸಿದೆ. ಫೆಡೋರಾ ಎಂಬ ಲಿನಕ್ಸ್ ಮೇಲೆ ಕಟ್ಟಿದ್ದು. ಇದರಲ್ಲಿ ಸಿಸ್ಟಂನ ಭಾಗವನ್ನು ಸುಮ್ನೆ ಬದಲಿಸಲು ಬರುವುದಿಲ್ಲ. ಅಪ್‌ಡೇಟ್ ಅಂದರೆ ಸಿಸ್ಟಂನ ಇಡೀ ಪ್ರತಿ (ಇಮೇಜ್) ಒಟ್ಟಿಗೆ ಬರುತ್ತದೆ, ರೀಸ್ಟಾರ್ಟ್ ಮಾಡಿದಾಗ ಜಾರಿಗೆ ಬರುತ್ತದೆ. ಕೆಟ್ಟರೆ ಬೂಟ್ ಮೆನುವಿನಲ್ಲಿ ಹಳೆಯದನ್ನು ಆರಿಸಿದರೆ ನಿನ್ನೆ ಇದ್ದ ಹಾಗೇ ಎದ್ದು ನಿಲ್ಲುತ್ತದೆ. ಕೀಬೋರ್ಡ್ ಇಲ್ಲದ ಯಂತ್ರಕ್ಕೆ ಇದು ದೊಡ್ಡ ಆಸರೆ. ರಿಪೇರಿಗೆ ಅಂತ ಕೂರುವುದೇ ಕಷ್ಟದ ಯಂತ್ರ ಇದು.

ದಿನ 8

ಇನ್‌ಸ್ಟಾಲ್ ದಿನ. ಹಿಂದಿನ ರಾತ್ರಿಯೇ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್‌ನ ರಿಕವರಿ ಕೀ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೆ. 48 ಅಂಕಿ, ಆರಾರರ ಎಂಟು ಗುಂಪು. ಇದೊಂದನ್ನು ಯಾರೂ ತಪ್ಪಿಸಬೇಡಿ.

ವಿಂಡೋಸ್‌ನಲ್ಲೇ ಪಾರ್ಟಿಷನ್ ಕುಗ್ಗಿಸಿ ಜಾಗ ಮಾಡಿದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಹಾಕಿದ್ದೂ ಸಲೀಸು. ರೀಸ್ಟಾರ್ಟ್ ಆದಾಗ ಒಂದು ನೀಲಿ ಪರದೆ ಬಂತು. ಸಹಿ ಇಲ್ಲದ ಓಎಸ್ ಏಳದಂತೆ ತಡೆಯುವ ಸೆಕ್ಯೂರ್ ಬೂಟ್‌ಗೆ ಬ್ಯಾಜೈಟ್‌ನ ಕೀ ಸೇರಿಸಿಕೊಳ್ಳಲು ಒಪ್ಪಿಗೆ ಕೇಳುವ ಪರದೆ ಅದು. ಯಾವುದಾದರೂ ಕೀ ಒತ್ತಿ ಅಂತ ಹತ್ತರಿಂದ ಎಣಿಸಿಕೊಂಡು ಬರುತ್ತದೆ. ನಾನು ಪರದೆ ಮುಟ್ಟಿದೆ, ಎ ಬಟನ್ ಒತ್ತಿದೆ. ಏನೂ ಆಗಲಿಲ್ಲ. ಅಲ್ಲಿಗೆ ಬೇಕಾಗಿದ್ದು ನಿಜವಾದ ಕೀಬೋರ್ಡ್. ಒಂದೇ ಯುಎಸ್‌ಬಿ-ಸಿ ಪೋರ್ಟ್, ಅದರಲ್ಲಿ ಚಾರ್ಜರ್. ಹಬ್ ಹುಡುಕಿ ತರುವಷ್ಟರಲ್ಲಿ ಎಣಿಕೆ ಮುಗಿದಿತ್ತು.

ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿ ಬ್ಯಾಜೈಟ್ ಒಳಗೆ ಹೋದೆ. ಆಮೇಲೆ ವಿಂಡೋಸ್ ತೆಗೆದರೆ, ನಿರೀಕ್ಷೆಯಂತೆ ರಿಕವರಿ ಕೀ ಕೇಳಿತು. ಸೆಕ್ಯೂರ್ ಬೂಟ್ ಬದಲಾಗಿದ್ದನ್ನು ಕಂಡು ಬಿಟ್‌ಲಾಕರ್ ಎಚ್ಚರಗೊಂಡಿತ್ತು. ನೋಟ್‌ಬುಕ್ ತೆರೆದು 48 ಅಂಕಿ ಒಂದೊಂದಾಗಿ ಒತ್ತಿದೆ. ಸಂಜೆ ಕೀಬೋರ್ಡ್ ಮೊದಲೇ ಚುಚ್ಚಿಟ್ಟುಕೊಂಡು ಕೀ ಸೇರಿಸಿ ಮತ್ತೆ ಸೆಕ್ಯೂರ್ ಬೂಟ್ ಆನ್ ಮಾಡಿದೆ. ಈಗ ಎರಡೂ ಓಎಸ್ ತಕರಾರಿಲ್ಲದೆ ಏಳುತ್ತವೆ.

ದಿನ 11

ಆಟಗಳು. ವಿಂಡೋಸ್‌ಗೆ ಮಾಡಿದ ಆಟವನ್ನು ಲಿನಕ್ಸ್‌ನಲ್ಲಿ ಓಡಿಸುವುದು ಪ್ರೋಟಾನ್. ವಾಲ್ವ್ ಇದನ್ನು 2018ರ ಆಗಸ್ಟ್‌ನಲ್ಲಿ ಹೊರತಂದಿತು. ಒಳಗೆ ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಇದೆ, ಜೊತೆಗೆ ವಿಂಡೋಸ್‌ನ ಗ್ರಾಫಿಕ್ಸ್ ಭಾಷೆ ಡೈರೆಕ್ಟ್‌ಎಕ್ಸ್‌ನ ಮಾತನ್ನು ಲಿನಕ್ಸ್‌ಗೂ ಗೊತ್ತಿರುವ ವಲ್ಕನ್‌ಗೆ ತಿರುಗಿಸುವ ಡಿಎಕ್ಸ್‌ವಿಕೆ ಮತ್ತು ವಿಕೆಡಿ3ಡಿ-ಪ್ರೋಟಾನ್. ನನ್ನ ಹದಿನಾಲ್ಕು ಆಟಗಳಲ್ಲಿ ಹದಿಮೂರು ಏನೂ ಮಾಡದೆ ತೆರೆದುಕೊಂಡವು.

ನನಗೆ ತುಂಬಾ ಖುಷಿ ಕೊಟ್ಟಿದ್ದು 40 ಎಫ್‌ಪಿಎಸ್. ಪಕ್ಕದ ಮೆನು ಎಳೆದು ಮಿತಿಯನ್ನು 40ಕ್ಕೆ ಇಟ್ಟರೆ ಆಯಿತು. ಲೆಕ್ಕ ನೋಡಿ: 30ರಲ್ಲಿ ಒಂದು ಫ್ರೇಮ್‌ಗೆ 33.3 ಮಿಲಿಸೆಕೆಂಡ್, 60ರಲ್ಲಿ 16.7, 40ರಲ್ಲಿ 25. ಸಮಯದ ಲೆಕ್ಕದಲ್ಲಿ 40 ಸರಿಯಾಗಿ ನಡುವೆ ಕೂರುತ್ತದೆ. 120 ಹರ್ಟ್ಸ್ ಪರದೆಯಲ್ಲಿ ಪ್ರತಿ ಫ್ರೇಮ್ ಮೂರು ಸಲ ನಿಲ್ಲುತ್ತದೆ, ಎಲ್ಲೂ ಎಡವುವುದಿಲ್ಲ. ಮಿತಿ ಇಟ್ಟ ಮೇಲೆ ಚಿಪ್‌ಗೆ 15 ವಾಟ್ ಬೇಡ, 10 ಸಾಕಾಯಿತು. ಫ್ಯಾನ್ ಸದ್ದು ಇಳಿದು, ಸೇತುವೆ ಮೇಲೆ ಬೀಳುವ ಮಳೆಯ ಸದ್ದು ಮೊದಲ ಸಲ ಸರಿಯಾಗಿ ಕೇಳಿಸಿತು.

ಒಂದು ಹಳೆ ಆಟಕ್ಕೆ ಕ್ಲೌಡ್ ಸೇವ್ ಇಲ್ಲ. ಅದರ ಸೇವ್ ಫೈಲನ್ನು ಕೈಯಾರೆ ತರಬೇಕಾಯಿತು. ಸ್ಟೀಮ್‌ನ ಕಂಪ್ಯಾಟ್‌ಡೇಟಾ ಫೋಲ್ಡರ್‌ನಲ್ಲಿ ಪ್ರತಿ ಆಟಕ್ಕೂ ಅದರ ನಂಬರಿನ ಒಂದು ಫೋಲ್ಡರ್ ಇರುತ್ತದೆ. ಅದರೊಳಗೆ ಪುಟ್ಟ ಸಿ ಡ್ರೈವ್, ಅದರಲ್ಲಿ ಸ್ಟೀಮ್‌ಯೂಸರ್ ಹೆಸರಿನಲ್ಲಿ ಡಾಕ್ಯುಮೆಂಟ್ಸ್. ಅಲ್ಲಿ ಇಟ್ಟೆ. ನಲವತ್ತು ಗಂಟೆಯ ಆಟ ಹಾಗೇ ಸಿಕ್ಕಿತು.

ದಿನ 15

ನಿದ್ದೆಯ ಪರೀಕ್ಷೆ, ನಾಲ್ಕು ರಾತ್ರಿ. 84–79, 82–78, 80–75, 84–80. ಬಟನ್ ಒತ್ತಿ ಎರಡು ಮೂರು ಸೆಕೆಂಡಿಗೆ ಸೇತುವೆ ಎದುರಿಗೆ. ಲಾಕ್ ಸ್ಕ್ರೀನ್ ಇಲ್ಲ, ನಡುವೆ ಏನೂ ಇಲ್ಲ. ಒಂದು ಬೆಳಿಗ್ಗೆ ನನ್ನ ಬ್ಲೂಟೂತ್ ಹೆಡ್‌ಸೆಟ್ ಮಾತ್ರ ಮತ್ತೆ ಸೇರಿಕೊಳ್ಳಲಿಲ್ಲ, ಆಫ್ ಮಾಡಿ ಆನ್ ಮಾಡಿದೆ. ಇದೇ ವಾರ ದಿನಕ್ಕೆ ಐದಾರು ಸಲ ಹತ್ತು ಹತ್ತು ನಿಮಿಷ ಆಡಿದೆ. ಅಷ್ಟು ಸಲ ಕೈಗೆತ್ತಿಕೊಂಡ ವಾರ ಹಿಂದೆ ಇರಲಿಲ್ಲ.

ದಿನ 17

ತಮ್ಮ ಕೇಳಿದ, "ಅಣ್ಣಾ, ಇವತ್ತು ರಾತ್ರಿ ಆಡೋಕೆ ಬರ್ತೀಯಾ?" ಅವನು ಆಡುವುದು ಆ ಹದಿನಾಲ್ಕನೆಯ ಆಟ. ಲಿನಕ್ಸ್‌ನಲ್ಲಿ ಅದು ಬರುವುದಿಲ್ಲ. ಮೋಸದ ಆಟ ತಡೆಯುವ ಪ್ರೋಗ್ರಾಂಗಳಾದ ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎರಡೂ 2021ರಲ್ಲೇ ಪ್ರೋಟಾನ್‌ಗೆ ದಾರಿ ಮಾಡಿಕೊಟ್ಟಿವೆ. ಆದರೆ ಆಟ ಮಾಡಿದವರು ಅದನ್ನು ಆನ್ ಮಾಡಬೇಕು. ಕೆಲವರು ಮಾಡಿಲ್ಲ, ಕೆಲವರು ಮಾಡಿ ಹಿಂತೆಗೆದುಕೊಂಡರು. ಏಪೆಕ್ಸ್ ಲೆಜೆಂಡ್ಸ್ 2024ರ ಕೊನೆಯಲ್ಲಿ ಲಿನಕ್ಸ್‌ಗೆ ಬಾಗಿಲು ಹಾಕಿತು. ಫೋರ್ಟ್‌ನೈಟ್, ವ್ಯಾಲೊರಂಟ್ ಕೂಡ ಓಡುವುದಿಲ್ಲ. ನಿಮ್ಮ ಗೆಳೆಯರ ಬಳಗ ಆಡುವುದು ಇಂಥ ಆಟವೇ ಆದರೆ ವಿಂಡೋಸ್ ಬಿಡಬೇಡಿ. ಮೈಕ್ರೋಸಾಫ್ಟ್‌ನ ಚಂದಾ ಸೇವೆ ಗೇಮ್ ಪಾಸ್‌ನ ಆಟಗಳನ್ನು ಯಂತ್ರದಲ್ಲೇ ಹಾಕಿಕೊಂಡು ಆಡುವವರಿಗೂ ಇದೇ ಮಾತು. ಲಿನಕ್ಸ್‌ನಲ್ಲಿ ಅವನ್ನು ಬ್ರೌಸರ್ ಮೂಲಕ ಕ್ಲೌಡ್‌ನಲ್ಲಿ ಮಾತ್ರ ಆಡಬಹುದು.

ವಿಂಡೋಸ್‌ಗೆ ಬೂಟ್ ಮಾಡಿ ತಮ್ಮನ ಜೊತೆ ಎರಡು ಗಂಟೆ ಆಡಿದೆ. ಚೆನ್ನಾಗಿತ್ತು.

ದಿನ 21

ಬ್ಯಾಜೈಟ್ ಉಳಿಯುತ್ತದೆ, ಮೊದಲು ಏಳುವುದೂ ಅದೇ. ವಿಂಡೋಸ್‌ಗೆ 150 ಜಿಬಿ ಕೊಟ್ಟಿದ್ದೇನೆ, ತಮ್ಮನ ಆಟಕ್ಕೆ ಅಷ್ಟು ಸಾಕು. ಮೆಮೊರಿ ಕಾರ್ಡನ್ನು ಎರಡಕ್ಕೂ ಹಂಚಬೇಕು ಅಂದುಕೊಂಡಿದ್ದೆ, ಬಿಟ್ಟೆ. ಕಾರ್ಡನ್ನು ಲಿನಕ್ಸ್‌ನ ಎಕ್ಸ್‌ಟಿ4 ಫಾರ್ಮ್ಯಾಟ್‌ಗೆ ಮಾಡಿದರೆ ವಿಂಡೋಸ್ ತಾನಾಗಿ ಓದುವುದಿಲ್ಲ, ವಿಂಡೋಸ್‌ನ ಎನ್‌ಟಿಎಫ್‌ಎಸ್ ಇಟ್ಟರೆ ಪ್ರೋಟಾನ್ ಆಟಗಳು ತಕರಾರು ಮಾಡಬಹುದು. ಕಾರ್ಡ್ ಎಕ್ಸ್‌ಟಿ4 ಆಯಿತು, ಅದು ಪೂರ್ತಿ ಬ್ಯಾಜೈಟ್‌ನದು.

ಬಾಕಿ ಇರುವುದು ಹಿಂಬದಿಯ ಎರಡು ಬಟನ್ ಮತ್ತು ಜೈರೋ (ಯಂತ್ರ ತಿರುಗಿಸಿದ್ದನ್ನು ಗುರುತಿಸುವ ಸೆನ್ಸರ್). ಬಟನ್‌ಗಳನ್ನು ನೋಡಿಕೊಳ್ಳುವ ಹ್ಯಾಂಡ್‌ಹೆಲ್ಡ್ ಡೀಮನ್ ಎಂಬ ಪ್ರೋಗ್ರಾಂನಲ್ಲಿ ಕಂಟ್ರೋಲರನ್ನು ಸೋನಿಯ ಡ್ಯುಯಲ್‌ಸೆನ್ಸ್ ಎಡ್ಜ್ ಅಂತ ತೋರಿಸಿದರೆ ಎರಡೂ ಸ್ಟೀಮ್‌ಗೆ ಕಾಣುತ್ತವೆ. ಬಿಲ್ಲು ಗುರಿ ಇಡುವಾಗ ಮಾತ್ರ ಜೈರೋ ಆನ್ ಆಗುವ ಹಾಗೆ ಹೊಂದಿಸುವ ಕೆಲಸ ಮುಂದಿನ ವಾರಕ್ಕೆ.