ಲಾಕ್‌ಡೆಪ್ ಯಾಕೆ ಸುಮ್ಮನಿತ್ತು?

ರಾತ್ರಿಯಿಡೀ ಓಡಲಿ ಅಂತ ಬಿಟ್ಟುಹೋದ ಬೋರ್ಡು ಬೆಳಗ್ಗೆ ಬಂದು ನೋಡಿದರೆ ನಿಂತಿರುತ್ತಿತ್ತು. ದಿನಾ ಅಲ್ಲ. ದಿನಾ ನಿಂತಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ನಾಲ್ಕು ಕೋರಿನ ಆರ್ಮ್ ಚಿಪ್ಪು, ಅದರ ಮೇಲೆ ಲಿನಕ್ಸ್, ಹೊರಗಿನ ಕಂಪನಿಯೊಂದು ಬರೆದುಕೊಟ್ಟ ಸೆನ್ಸರ್ ಡ್ರೈವರ್ (ಸೆನ್ಸರನ್ನು ನಡೆಸುವ ಕೋಡು). ಬೆಂಗಳೂರಿನಲ್ಲಿ ಕರ್ನಲ್ (ಲಿನಕ್ಸಿನ ತಿರುಳು) ಕೆಲಸ ಮಾಡುವ ಯಾರನ್ನು ಕೇಳಿದರೂ ಇಂಥದ್ದೊಂದು ಕತೆ ಇರುತ್ತೆ. ಇದು ನಮ್ಮದು. ಒಂದು ಡೇಟಾವನ್ನು ಒಂದು ಸಲಕ್ಕೆ ಒಬ್ಬರೇ ಮುಟ್ಟಲಿ ಅಂತ ಕರ್ನಲ್ ಹಾಕುವ ಬೀಗವೇ ಲಾಕ್. ಆ ಲಾಕ್ ಬಳಸುವುದರಲ್ಲಿನ ತಪ್ಪು ಹಿಡಿಯಲು ಕರ್ನಲಿನಲ್ಲೇ ಇರುವ ಕಾವಲುಗಾರ ಲಾಕ್‌ಡೆಪ್. ಈ ಕತೆಯಲ್ಲಿ ಅದು ಬಾಯಿ ಬಿಡಲಿಲ್ಲ.

ಬೋರ್ಡಿನ ಸಂದೇಶಗಳು ಬರುವ ಸೀರಿಯಲ್ ಕನ್ಸೋಲಿನಲ್ಲಿ ಕೊನೆಗೆ ಉಳಿದಿರುತ್ತಿದ್ದದ್ದು ಆರ್‌ಸಿಯು ಸ್ಟಾಲ್ ಸಂದೇಶ. ಒಂದು ಕೋರು 21 ಸೆಕೆಂಡು ಉಸಿರೆತ್ತದಿದ್ದರೆ ಇನ್ನೊಂದು ಕೋರು ಅದರ ಮೇಲೆ ಚಾಡಿ ಹೇಳುತ್ತೆ, ಅಷ್ಟೇ. ಒಳಗೆ ಏನಾಯಿತು ಅಂತ ಅದಕ್ಕೂ ಗೊತ್ತಿಲ್ಲ. ನಮ್ಮ ಚಿಪ್ಪಿನಲ್ಲಿ, ಇಂಟರಪ್ಟ್ (ಮಾಡುತ್ತಿರುವ ಕೆಲಸ ಬಿಟ್ಟು ಇತ್ತ ನೋಡು ಅನ್ನುವ ಸಂಕೇತ) ಮುಚ್ಚಿಕೊಂಡು ಕೂತ ಕೋರಿಗೆ ಬೇರೆ ಕೋರು ಎಷ್ಟು ಕೂಗಿದರೂ ಕೇಳಿಸುವುದಿಲ್ಲ. ಹಾಗಾಗಿ ಅದರ ಸ್ಟ್ಯಾಕ್, ಅಂದರೆ ಅದು ಯಾವ ಕೋಡಿನಲ್ಲಿ ನಿಂತಿದೆ ಅನ್ನುವ ವಿವರ, ಸಿಗುತ್ತಿರಲಿಲ್ಲ. ಗಮನಕ್ಕೆ ಬಂದದ್ದು ಒಂದೇ: ಸಿಕ್ಕಿಬೀಳುತ್ತಿದ್ದದ್ದು ಯಾವಾಗಲೂ ಸಿಪಿಯು 0, ಅಂದರೆ ಮೊದಲ ಕೋರು.

ಎಲ್ಲರೂ ಮಾಡುವ ಹಾಗೆ ಮೊದಲು ಪ್ರಿಂಟ್‌ಕೆ (ಕನ್ಸೋಲಿಗೆ ಒಂದು ಸಾಲು ಬರೆಯುವ ಕರ್ನಲ್ ಫಂಕ್ಷನ್) ಹಾಕಿದೆವು, ಡ್ರೈವರಿನ ಇಂಟರಪ್ಟ್ ಹ್ಯಾಂಡ್ಲರಿನಲ್ಲಿ, ಅಂದರೆ ಇಂಟರಪ್ಟ್ ಬಂದಾಗ ಓಡುವ ಕೋಡಿನಲ್ಲಿ. ಹ್ಯಾಂಗ್ ಮಾಯ! ಪಕ್ಕದ ಸೀಟಿನ ಪುತ್ತೂರಿನ ಗೆಳೆಯ, "ಎಂತ ಮಾರಾಯ, ಪ್ರಿಂಟ್ ಇಟ್ಟೇ ಕಳಿಸಿಬಿಡುವನಾ?" ಅಂದ. ಲೆಕ್ಕ ಹಾಕಿದರೆ ಕಾರಣ ಕಾಣುತ್ತೆ. ಸೀರಿಯಲ್‌ನ ವೇಗ 1,15,200 ಬಾಡ್, ಅಂದರೆ ಸೆಕೆಂಡಿಗೆ ಸುಮಾರು 11,500 ಅಕ್ಷರ. 80 ಅಕ್ಷರದ ಒಂದು ಸಾಲು ಹೊರಗೆ ಹೋಗಲು ಹತ್ತಿರ ಹತ್ತಿರ 7 ಮಿಲಿಸೆಕೆಂಡು ಬೇಕು. ಸಿಪಿಯು 0 ಪ್ರಿಂಟ್ ಮಾಡುವುದರಲ್ಲೇ ಮುಳುಗಿಹೋಗಿ, ಸೆನ್ಸರ್ ಓದುವ ಪ್ರೋಗ್ರಾಮನ್ನು ಕೋರುಗಳಿಗೆ ಕೆಲಸ ಹಂಚುವ ಶೆಡ್ಯೂಲರ್ ಬೇರೆ ಕೋರಿಗೆ ಸಾಗಹಾಕುತ್ತಿತ್ತು. ಇದು ಹೊಳೆದದ್ದು ಮಾತ್ರ ಆಮೇಲೆ.

ಅಲ್ಲಿಂದ ಎಫ್‌ಟ್ರೇಸ್‌ಗೆ ಬಂದೆವು. ಸ್ಟೀವನ್ ರಾಸ್ಟೆಡ್ 2008ರಲ್ಲಿ ಕರ್ನಲ್ 2.6.27ಕ್ಕೆ ಸೇರಿಸಿದ, ಕರ್ನಲ್ ಒಳಗೆ ಏನು ನಡೆಯಿತು ಅಂತ ದಾಖಲಿಸುವ ಸಾಧನ ಇದು. ಇದರ ಟ್ರೇಸ್‌ಪ್ರಿಂಟ್‌ಕೆ ಸೀರಿಯಲ್ ಕಡೆ ತಲೆಹಾಕುವುದಿಲ್ಲ. ಪ್ರತಿ ಕೋರಿಗೂ ಮೆಮೊರಿಯಲ್ಲಿ ಒಂದು ರಿಂಗ್ ಬಫರ್ ಇರುತ್ತೆ, ಅದರಲ್ಲಿ ಬರೆದು ಮುಂದೆ ಹೋಗುತ್ತೆ. ಒಂದು ಮೈಕ್ರೋಸೆಕೆಂಡೂ ಹಿಡಿಯುವುದಿಲ್ಲ. ಇದನ್ನು ಬಳಸಿದರೆ ಬೂಟ್ ಆಗುವಾಗ ನೋಟಿಸ್ ನೋಟಿಸ್ ಅಂತ ಒಂದು ದೊಡ್ಡ ಚೌಕಟ್ಟು ಬರುತ್ತೆ: ಇದು ಡೀಬಗ್ ಕರ್ನಲ್, ನೀವು ಕರ್ನಲ್ ಡೀಬಗ್ ಮಾಡುತ್ತಿಲ್ಲವಾದರೆ ಕೂಡಲೇ ನಿಮ್ಮ ವೆಂಡರಿಗೆ ತಿಳಿಸಿ, ಅಂತ. ಆ ವೆಂಡರ್ ನಾವೇ. ಹಿಂದಿನಿಂದ ಬಂದು ಸ್ಕ್ರೀನ್ ನೋಡಿದ ಮ್ಯಾನೇಜರಿಗೆ ಇದನ್ನು ವಿವರಿಸೋಕೆ ಒಂದು ಟೀ ಹೊತ್ತು ಬೇಕಾಯಿತು.

ಡ್ರೈವರ್ ತನ್ನ ಲಾಕ್ ಹಿಡಿಯುವಲ್ಲಿ ಒಂದು, ಬಿಡುವಲ್ಲಿ ಒಂದು ಗುರುತು ಹಾಕಿದೆವು. ಇಂಟರಪ್ಟ್ ಹ್ಯಾಂಡ್ಲರ್ ಶುರುವಾಗುವ, ಮುಗಿಯುವ ಈವೆಂಟುಗಳನ್ನೂ ಆನ್ ಮಾಡಿದೆವು. ಹ್ಯಾಂಗ್ ಆಯಿತು. ಸರಿ, ಸೀರಿಯಲ್‌ನಿಂದ ಬ್ರೇಕ್ ಕಳಿಸಿ ಝಡ್ ಒತ್ತಿದರೆ ಸಿಸ್‌ಆರ್‌ಕ್ಯು (ಕೀಲಿಯಿಂದ ಕರ್ನಲಿಗೇ ನೇರ ಆಜ್ಞೆ ಕೊಡುವ ದಾರಿ) ಬಫರನ್ನೆಲ್ಲ ಕನ್ಸೋಲಿಗೆ ಸುರಿಯಬೇಕು. ಒತ್ತಿದರೆ ಏನೂ ಇಲ್ಲ. ನೆಟ್‌ವರ್ಕಿನಿಂದ ಒಳಹೋಗುವ ಎಸ್‌ಎಸ್‌ಎಚ್ ಕೂಡ ಸತ್ತಿತ್ತು.

ರೀಬೂಟ್ ಮಾಡಿ ಪ್ರಾಕ್ ಒಳಗಿನ ಇಂಟರಪ್ಟ್ಸ್ ಫೈಲ್ (ಯಾವ ಇಂಟರಪ್ಟ್ ಯಾವ ಕೋರಿಗೆ ಎಷ್ಟು ಸಲ ಹೋಯಿತು ಅನ್ನುವ ಲೆಕ್ಕ) ನೋಡಿದಾಗ ವಿಷಯ ಗೊತ್ತಾಯಿತು. ಸೆನ್ಸರ್, ಈಥರ್ನೆಟ್, ಸೀರಿಯಲ್ ಮೂರರ ಸಾಲಿನಲ್ಲೂ ಮೊದಲ ಕಾಲಂ ಮಾತ್ರ ಏರುತ್ತಿತ್ತು, ಉಳಿದ ಮೂರರಲ್ಲಿ ಬರೀ ಸೊನ್ನೆ. ಎಲ್ಲ ಇಂಟರಪ್ಟೂ ಸಿಪಿಯು 0ಕ್ಕೇ ಹೋಗುತ್ತಿದ್ದವು. ಅದೇ ಸತ್ತ ಮೇಲೆ ನಮ್ಮ ಬ್ರೇಕ್ ಕೇಳಿಸಿಕೊಳ್ಳುವವರು ಯಾರು? ಸೀರಿಯಲ್ ಪೋರ್ಟಿನ ಅಫಿನಿಟಿಗೆ, ಅಂದರೆ ಇಂಟರಪ್ಟ್ ಯಾವ ಕೋರಿಗೆ ಹೋಗಬೇಕು ಅನ್ನುವ ಸೆಟ್ಟಿಂಗಿಗೆ, 8 (ಬಿಟ್ ಸಂಖ್ಯೆ 3) ಅಂತ ಬರೆದು ಅದನ್ನು ಸಿಪಿಯು 3ಕ್ಕೆ ಕಳಿಸಿದೆವು. ಓದುವ ಪ್ರೋಗ್ರಾಮನ್ನು ಟಾಸ್ಕ್‌ಸೆಟ್‌ನಿಂದ ಸಿಪಿಯು 0ಕ್ಕೇ ಕಟ್ಟಿಹಾಕಿದೆವು. ರಾತ್ರಿಯಿಡೀ ಕಾಯಬೇಕಿದ್ದ ಹ್ಯಾಂಗ್ ಈಗ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಆಗಿತ್ತು.

ಈ ಸಲ ಝಡ್ ಒತ್ತಿದ ಕೂಡಲೇ ಬಫರು ಸುರಿಯಿತು. ಸಿಪಿಯು 0ರ ಕೊನೆಯ ಎರಡು ಸಾಲು ಸಾಕಾಯಿತು. ಮೊದಲನೆಯದು, ಓದುವ ಪ್ರೋಗ್ರಾಮ್ ಲಾಕ್ ಹಿಡಿದದ್ದು. ಬಿಟ್ಟ ಗುರುತಿಲ್ಲ. ಎರಡನೆಯದು, ಅದೇ ಸೆನ್ಸರಿನ ಇಂಟರಪ್ಟ್ ಹ್ಯಾಂಡ್ಲರ್ ಶುರುವಾದದ್ದು. ಮುಗಿದ ಗುರುತಿಲ್ಲ.

ಅಂದರೆ ಡ್ರೈವರ್ ಸಾದಾ ಸ್ಪಿನ್‌ಲಾಕ್ (ಸಿಗುವ ತನಕ ಕೋರು ಅಲ್ಲೇ ಸುತ್ತುತ್ತಾ ಕಾಯುವ ಲಾಕ್) ಹಿಡಿದಿತ್ತು, ಇಂಟರಪ್ಟ್ ಮುಚ್ಚದೆ. ಆ ಕ್ಷಣಕ್ಕೇ ಅದೇ ಕೋರಿಗೆ ಇಂಟರಪ್ಟ್ ಬಂತು. ಹ್ಯಾಂಡ್ಲರಿಗೂ ಅದೇ ಲಾಕ್ ಬೇಕು. ಪ್ರೋಗ್ರಾಮ್ ಬೇರೆ ಕೋರಿನಲ್ಲಿದ್ದರೆ ಅದು ಲಾಕ್ ಬಿಡುವ ತನಕ ಹ್ಯಾಂಡ್ಲರ್ ಕಾದರೆ ಸಾಕು; ಪ್ರಿಂಟ್ ಹಾಕಿದಾಗ ಹ್ಯಾಂಗ್ ಮಾಯವಾದದ್ದು ಅದಕ್ಕೇ. ಇಲ್ಲಿ ಹಾಗಲ್ಲ. ಬಚ್ಚಲ ಒಳಗೆ ಚಿಲಕ ಹಾಕಿಕೊಂಡವನೇ ಹೊರಗೆ ನಿಂತು "ಯಾರ್ರೀ ಒಳಗೆ?" ಅಂತ ಕಾಯುವ ಸ್ಥಿತಿ. ಸ್ಪಿನ್‌ಲಾಕ್ ಐಆರ್‌ಕ್ಯು‌ಸೇವ್ (ಇಂಟರಪ್ಟ್ ಮುಚ್ಚಿಯೇ ಲಾಕ್ ಹಿಡಿಯುವ ಬಗೆ) ಬಳಸಿದ್ದರೆ ಮುಗಿದುಹೋಗುತ್ತಿತ್ತು.

ನನಗೆ ತಲೆ ಕೆಟ್ಟದ್ದು ಇಲ್ಲಿ. ಇದು ಪುಸ್ತಕದಲ್ಲಿ ಮೊದಲ ಉದಾಹರಣೆಯಾಗಿ ಬರುವ ತಪ್ಪು. ಇದನ್ನು ಹಿಡಿಯಲೆಂದೇ ಇಂಗೋ ಮೊಲ್ನಾರ್ 2006ರಲ್ಲಿ ಲಾಕ್‌ಡೆಪ್ ತಂದದ್ದು, ಕರ್ನಲ್ 2.6.18ರಲ್ಲಿ. ಡೆಡ್‌ಲಾಕ್, ಅಂದರೆ ಹೀಗೆ ಕೊನೆಯಿಲ್ಲದೆ ಕಾಯುವ ಸ್ಥಿತಿ, ಆಗುವ ತನಕ ಅದು ಕಾಯುವುದೂ ಇಲ್ಲ. ಈ ಲಾಕನ್ನು ಒಮ್ಮೆ ಹ್ಯಾಂಡ್ಲರ್ ಒಳಗೆ ಹಿಡಿದದ್ದು ಕಂಡರೆ, ಇನ್ನೊಮ್ಮೆ ಇಂಟರಪ್ಟ್ ತೆರೆದಿರುವಾಗ ಹಿಡಿದದ್ದು ಕಂಡರೆ, ಎರಡೂ ಬೇರೆ ಬೇರೆ ಕೋರಿನಲ್ಲಿ, ಬೇರೆ ಬೇರೆ ಗಂಟೆಯಲ್ಲಿ ಆಗಿದ್ದರೂ ಕಿರುಚುತ್ತೆ. ನಮ್ಮ ಡೀಬಗ್ ಕರ್ನಲಿನಲ್ಲಿ ಪ್ರೂವ್ ಲಾಕಿಂಗ್ (ಲಾಕ್‌ಡೆಪ್ ತಪಾಸಣೆಯ ಆಯ್ಕೆ) ಆನ್ ಇತ್ತು. ಮತ್ತೆ ಯಾಕೆ ಸುಮ್ಮನಿತ್ತು?

ಪ್ರಾಕ್ ಒಳಗಿನ ಲಾಕ್‌ಡೆಪ್ ಸ್ಟ್ಯಾಟ್ಸ್ ಫೈಲಿನಲ್ಲಿ ಡೀಬಗ್ ಲಾಕ್ಸ್ ಅನ್ನುವ ಸಾಲಿದೆ. 1 ಇರಬೇಕಾದಲ್ಲಿ 0 ಇತ್ತು. ಲಾಕ್‌ಡೆಪ್ ಒಂದು ತಪ್ಪು ವರದಿ ಮಾಡಿದ ಮೇಲೆ ತಾನೇ ಆಫ್ ಆಗುತ್ತೆ, ಮುಂದಿನ ರೀಬೂಟ್ ತನಕ ಏನೂ ನೋಡುವುದಿಲ್ಲ. ನಮ್ಮ ಬೋರ್ಡಿನಲ್ಲಿ ಬೂಟ್ ಆಗುವಾಗಲೇ ಡಿಸ್‌ಪ್ಲೇ ಡ್ರೈವರ್ ಒಂದು ಸರ್ಕ್ಯುಲರ್ ಡಿಪೆಂಡೆನ್ಸಿ (ಲಾಕುಗಳು ಒಂದಕ್ಕೊಂದು ಕಾಯುವ ಸುತ್ತು) ವಾರ್ನಿಂಗ್ ಕಕ್ಕುತ್ತಿತ್ತು. ತಿಂಗಳುಗಟ್ಟಲೆಯಿಂದ. ಹೊಸದಾಗಿ ಸೇರಿದವರು ಕೇಳಿದರೆ "ಅದು ಹಳೇದು, ಬಿಡಿ" ಅನ್ನುವುದು ಆಫೀಸಿನ ವಾಡಿಕೆಯೇ ಆಗಿತ್ತು. ಆ ಹಳೇದರಿಂದಾಗಿ ಆಮೇಲೆ ಬಂದ ಯಾವ ಡ್ರೈವರನ್ನೂ ಲಾಕ್‌ಡೆಪ್ ಕಣ್ಣೆತ್ತಿಯೂ ನೋಡಿರಲಿಲ್ಲ. ಕನ್ಸೋಲ್ ಕ್ಲೀನ್ ಅಂತ ನಾವು ತಿಳಿದದ್ದೆಲ್ಲ ಸುಮ್ನೆ.

ಡಿಸ್‌ಪ್ಲೇ ಡ್ರೈವರನ್ನು ಕಾನ್ಫಿಗ್‌ನಿಂದ ತೆಗೆದು ಬೂಟ್ ಮಾಡಿದೆವು. ಸೆನ್ಸರ್ ಓದಲು ಶುರುಮಾಡಿದ ಕೂಡಲೇ ಬಂತು: ಇನ್‌ಕನ್ಸಿಸ್ಟೆಂಟ್ ಲಾಕ್ ಸ್ಟೇಟ್. ಲಾಕಿನ ಹೆಸರು, ಹ್ಯಾಂಡ್ಲರಿನಲ್ಲಿ ಹಿಡಿದ ಜಾಗ, ಹೊರಗೆ ಹಿಡಿದ ಜಾಗ, ಎಲ್ಲ ಅದರಲ್ಲೇ ಇತ್ತು. ಹ್ಯಾಂಗ್ ಆಗಿರಲೇ ಇಲ್ಲ.

ಡ್ರೈವರ್ ಕೊಟ್ಟವರು ಮೊದಲು ಒಪ್ಪಲಿಲ್ಲ. ಅವರ ಬೋರ್ಡಿನಲ್ಲಿ ವಾರಗಟ್ಟಲೆ ಓಡಿದೆಯಂತೆ. ಕೆದಕಿದಾಗ, ಅವರು ಪರೀಕ್ಷೆ ಮಾಡಿದ್ದು ಪ್ರೀಎಂಪ್ಟ್ ಆರ್‌ಟಿ ಕರ್ನಲ್ (ಲಿನಕ್ಸಿನ ರಿಯಲ್‌ಟೈಮ್ ರೂಪ) ಮೇಲೆ ಅಂತ ತಿಳಿಯಿತು. ಅಲ್ಲಿ ಹ್ಯಾಂಡ್ಲರ್ ಓಡುವುದೇ ಥ್ರೆಡ್ ಒಳಗೆ, ಸ್ಪಿನ್‌ಲಾಕ್ ಸಿಗದಿದ್ದರೆ ನಿದ್ದೆ ಹೋಗುತ್ತೆ. ಈ ಡೆಡ್‌ಲಾಕ್ ಅಲ್ಲಿ ಆಗುವುದಕ್ಕೇ ಸಾಧ್ಯವಿಲ್ಲ. ಲಾಕ್‌ಡೆಪ್ ವರದಿ ಕಳಿಸಿದ ಮೇಲೆ ಪ್ಯಾಚ್ ಬಂತು. ಬದಲಾದದ್ದು ಬೆರಳೆಣಿಕೆಯ ಸಾಲು.

ಈಗ ನಮ್ಮ ರಾತ್ರಿ ಟೆಸ್ಟಿನ ಸ್ಕ್ರಿಪ್ಟ್ ಶುರುವಿನಲ್ಲೂ ಕೊನೆಯಲ್ಲೂ ಆ ಡೀಬಗ್ ಲಾಕ್ಸ್ ಸಾಲನ್ನು ಓದುತ್ತೆ. 1 ಇಲ್ಲದಿದ್ದರೆ, ಉಳಿದದ್ದೆಲ್ಲ ಪಾಸಾಗಿದ್ದರೂ ಟೆಸ್ಟ್ ಫೇಲ್. ಡಿಸ್‌ಪ್ಲೇ ಟೀಮಿನವರಿಗೆ ಇದು ಹಿಡಿಸಲಿಲ್ಲ, "ನಮ್ಮಿಂದ ಎಲ್ಲರ ಬಿಲ್ಡೂ ಕೆಂಪಾಗುತ್ತಲ್ಲ ಸರ್" ಅಂತ ಮೀಟಿಂಗಿನಲ್ಲೇ ತಕರಾರು ತೆಗೆದರು. ಅವರು ಸರಿಪಡಿಸುವ ತನಕ ಕೆಂಪಾಗಿಯೇ ಇತ್ತು.